ಆ ಹೆಸರಿನವರು ಯಾರೂ ಇಲ್ಲ

"ಮರಿಯಾ ವಿಕ್ಟೋರಿಯಾ ತುಪಾಸ್!"

ಗಾಜಿನ ಕಿಟಕಿಯ ಆಚೆಯಿಂದ ಕೂಗಿದ ದನಿಯಲ್ಲಿ ವಿಶೇಷವೇನೂ ಇರಲಿಲ್ಲ. ಬೆಳಗಿನಿಂದ ಯಾವ ಯಾವುದೋ ದೇಶದ ಹೆಸರುಗಳನ್ನು ಕೂಗಿ ಕೂಗಿ ಆ ಗಂಟಲು ಒಣಗಿಹೋಗಿತ್ತು. ಆದರೆ ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದ ಮರಿವಿಕ್ ತಟ್ಟನೆ ತಲೆಯೆತ್ತಿದಳು. ಫಿಲಿಪೈನ್ಸಿನ ಇಲೊಯ್ಲೊದಲ್ಲಿ, ಶಾಲೆಯ ಹಾಜರಿಯಲ್ಲಿ ಕೂಗುತ್ತಿದ್ದ ಹೆಸರು ಅದು. ಮನೆಯವರ ಬಾಯಲ್ಲಿ ಚಿಕ್ಕದಾಗಿ ಮರಿವಿಕ್ ಆಗಿತ್ತು. ಬೆಂಗಳೂರಿಗೆ ಸೊಸೆಯಾಗಿ ಬಂದ ಮೇಲೆ ಉದ್ದದ್ದನ್ನೂ ಯಾರೂ ಕರೆದಿರಲಿಲ್ಲ, ಚಿಕ್ಕದನ್ನೂ ಕರೆದಿರಲಿಲ್ಲ. ಇನ್ನೊಂದು ಸಲ ಕರೆಯಲಿ ಎಂದು ಅವಳು ಬೇಕೆಂದೇ ಏಳದೆ ಕೂತಳು.

"ಮರಿಯಾ ವಿಕ್ಟೋರಿಯಾ!"

"ಯಾರನ್ನೋ ಕರಿಯಾಕತ್ತಾರ ನೋಡ ಶೈಲಾ," ಎಂದಳು ಪಕ್ಕದಲ್ಲಿದ್ದ ಅತ್ತೆ ಅಕ್ಕವ್ವ, ಅವಳ ಕಡೆ ತಿರುಗಿ. "ಅಕಿ ಎಲ್ಲಿ ಹೋಗ್ಯಾಳೋ ಏನೋ, ಪಾಪ."

"ನನ್ನ ಕರಿಯಾಕತ್ತಾರ್ರಿ ಅತ್ತಿ," ಎಂದು ಮರಿವಿಕ್ ಎದ್ದಳು.

ಅತ್ತೆ, ಸೊಸೆ, ಮಗ ಮೂವರೂ ಈ ವಿದೇಶಿಯರ ನೋಂದಣಿ ಕಚೇರಿಗೆ ಬರಬೇಕಾಗಿ ಬಂದದ್ದೂ ಈ ಹೆಸರಿನ ಕಾರಣಕ್ಕೇ. ಅಕ್ಕವ್ವನ ಮಗ ದುಂಡೇಶ ದೋಹಾದ ಹೋಟೆಲೊಂದರಲ್ಲಿ ಎಸಿ ರಿಪೇರಿ ಮಾಡುತ್ತಿದ್ದಾಗ, ಅಲ್ಲೇ ಲಾಂಡ್ರಿಯಲ್ಲಿದ್ದ ಮರಿವಿಕ್‌ಳನ್ನು ಮೆಚ್ಚಿಕೊಂಡಿದ್ದ. ಮದುವೆಯಾಗಿ ಬೆಂಗಳೂರು ಸೇರಿದ ಮೇಲೆ ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಹಿಡಿದ. ಮರಿವಿಕ್ ಆರ್‌ಪಿಸಿ ಲೇಔಟಿನ ಮನೆಯಲ್ಲಿ ಅತ್ತೆಯ ಜೋಳದ ರೊಟ್ಟಿಯ ವ್ಯಾಪಾರಕ್ಕೆ ಕೈಜೋಡಿಸಿದಳು. ಗಂಡನ ದೇಶದಲ್ಲಿ ಕಾಯಮ್ಮಾಗಿ ಇರಲು, ಯಾರನ್ನೂ ಕೇಳದೆ ತವರಿಗೆ ಹೋಗಿ ಬರಲು ಒಂದು ಕಾರ್ಡು ಬೇಕು. ಅದಕ್ಕೆ ಅರ್ಜಿ ಹಾಕಿ, ಪೊಲೀಸಿನವರು ಮನೆಗೆ ಬಂದು ವಿಚಾರಿಸುವುದನ್ನು ಕಾಯುತ್ತಿದ್ದರು.

ಪೊಲೀಸಿನವರು ಬಂದೂ ಹೋಗಿದ್ದರು. ಕಾನ್‌ಸ್ಟೇಬಲ್ ಕೆಂಚಪ್ಪ ಬಂದ ಹೊತ್ತಿಗೆ ದುಂಡೇಶ ಕೆಲಸಕ್ಕೆ ಹೋಗಿದ್ದ, ಮರಿವಿಕ್ ತಾರಸಿಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದಳು. ಗೇಟಿನಲ್ಲಿ ನಿಂತು ಅವರು ಕಾಗದ ನೋಡಿ ಕೇಳಿದ್ದು ಅಕ್ಕವ್ವನನ್ನೇ. ಆ ಹೆಸರಿನವರು ಯಾರೂ ಇಲ್ಲ ಎಂದಳು ಅಕ್ಕವ್ವ. ಎದುರುಮನೆಯ ಕಲ್ಯಾಣಮ್ಮ ಕಾಂಪೌಂಡಿನ ಮೇಲಿಂದ ಬಗ್ಗಿ, "ಇಲ್ಲ ಸಾರ್, ಈ ರೋಡಲ್ಲಿ ನನಗ್ ಗೊತ್ತಿಲ್ಲದೆ ಯಾರಿದಾರೆ!" ಎಂದು ಗ್ಯಾರಂಟಿ ಕೊಟ್ಟಿದ್ದರು. ಕೆಂಚಪ್ಪ ಒಂದು ಲೋಟ ಮಜ್ಜಿಗೆ ಕುಡಿದು, ಈ ವಿಳಾಸದಲ್ಲಿ ವಾಸವಿಲ್ಲ ಎಂದು ಬರೆದುಕೊಂಡು ಹೋದರು.

ಈಗ ಖುದ್ದಾಗಿ ಬಂದು ವಿವರಣೆ ಕೊಡದಿದ್ದರೆ ಅರ್ಜಿ ರದ್ದು. ಇದ್ದ ವೀಸಾ ಮುಗಿಯುತ್ತ ಬಂದಿತ್ತು. ಕಾರ್ಡಿಲ್ಲದೆ ಹೊರಗೆ ಹೋದರೆ ಒಳಗೆ ಬರಲು ಎಲ್ಲವೂ ಮೊದಲಿನಿಂದ. ಇಲೊಯ್ಲೊದಲ್ಲಿದ್ದ ಅಮ್ಮ ಫೋನಿನಲ್ಲಿ ಯಾವಾಗ ಬರುತ್ತೀ ಎಂದು ಕೇಳುವುದನ್ನೂ ಈಚೆಗೆ ಬಿಟ್ಟಿದ್ದಳು. ಅಂಗಳದ ಮಾವಿನ ಮರದ ಕಡೆ ಫೋನು ತಿರುಗಿಸಿ ತೋರಿಸುತ್ತಿದ್ದಳು, ಅಷ್ಟೇ.

ಒಳಗಿನ ಮೇಜಿನ ಹಿಂದೆ ಅಧಿಕಾರಿ ಚನ್ನಕೇಶವ ಕೂತಿದ್ದರು. ಅವರು ಇಂಗ್ಲಿಷಿನಲ್ಲಿ ಶುರುಮಾಡಿದರು. ಮರಿವಿಕ್ ಎರಡು ಮಾತು ಕೇಳಿಸಿಕೊಂಡು, "ಕನ್ನಡದಾಗ ಕೇಳ್ರಿ ಸಾಹೇಬ್ರ, ನಮ್ಮತ್ತಿಗೂ ತಿಳೀತೈತಿ," ಎಂದಳು.

ಚನ್ನಕೇಶವರ ಪೆನ್ನು ನಿಂತಿತು. "ಏನಮ್ಮಾ ಇದು, ಬಾಗಲಕೋಟೆಯೋರ ಥರ ಮಾತಾಡ್ತೀಯಲ್ಲ!"

"ಜಮಖಂಡಿರೀ," ಎಂದು ಅಕ್ಕವ್ವ ತಿದ್ದಿದಳು.

ಚನ್ನಕೇಶವ ನಕ್ಕು ಅಕ್ಕವ್ವನ ಕಡೆ ತಿರುಗಿದರು. "ಅಲ್ಲಮ್ಮಾ, ಮನೇಲಿ ಇರೋ ಸೊಸೇನ ಇಲ್ಲ ಅಂದುಬಿಟ್ರಲ್ಲ. ಪೊಲೀಸ್ನೋರ ಮುಂದೆ ಸುಳ್ಳು ಹೇಳಬಹುದಾ?"

"ಸುಳ್ಳ ಯಾಕ ಹೇಳ್ಲಿ? ಖರೇನ ಹೇಳೇನ್ರಿ. ಅಷ್ಟುದ್ದ ಹೆಸರು ಹೇಳಿ ಕೇಳಿದ್ರು, ಇಲ್ಲ ಅಂದ್ನಿ. ನನ್ನ ಸೊಸಿ ಹೆಸರು ಶೈಲಾ."

"ಫಾರಿನ್ನೋರು ಯಾರಾದ್ರೂ ಇದಾರಾ ಅಂತಲೂ ಕೇಳಿದಾರಲ್ಲ. ಅದಕ್ಕೂ ಇಲ್ಲ ಅಂದಿದೀರ."

"ಫಾರಿನ್ನಾಕಿ ಹೆಂಗಾಗ್ತಾಳ್ರಿ?" ಅಕ್ಕವ್ವನಿಗೆ ನಿಜವಾಗಿಯೂ ಸಿಟ್ಟು ಬಂದಿತು. "ದಿನಾ ಬೆಳಗಾದ್ರ ನನ್ನ ಬಾಜೂಕ ಕುಂತು ರೊಟ್ಟಿ ಬಡೀತಾಳ. ನನ್ನ ಮಂಡಿ ಹಿಡಕೊಂಡ್ರ ಎಣ್ಣಿ ತಿಕ್ಕತಾಳ. ಫಾರಿನ್ನಾಕಿ ಅಂತ ಫಾರಿನ್ನಾಕಿ!"

ಚನ್ನಕೇಶವ ಕಾಗದ ತಿರುವಿದರು. ಮದುವೆಯ ಪ್ರಮಾಣಪತ್ರದಲ್ಲೂ ಪಾಸ್‌ಪೋರ್ಟಿನಲ್ಲೂ ಒಂದೇ ಹೆಸರಿತ್ತು. "ಶೈಲಾ ಅಂತ ಎಲ್ಲೂ ಇಲ್ವಲ್ಲ. ಎಲ್ಲಿಂದ ಬಂತು ಇದು?"

"ಮದುವ್ಯಾಗ ಇಟ್ಟಿದ್ದರಿ. ನಮ್ಮ ಕಡೆ ಮನಿಗೆ ಬಂದ ಹೆಣ್ಣಿಗೆ ಹೊಸ ಹೆಸರು ಇಡ್ತೀವಿ. ತಾಟಿನ್ಯಾಗ ಅಕ್ಕಿ ಹರವಿ, ಉಂಗುರದ್ಲೆ ಗಂಡನ ಕಡಿಂದ ಬರಸ್ತೀವಿ. ತವರಮನಿ ಹೆಸರು ತವರಮನಿಗೆ ಆತು."

"ಅದೇ ಹೆಸರು ಯಾಕೆ?"

ಅಧಿಕಾರಿ ಸುಮ್ಮನೆ ಕೇಳಿದ್ದರು, ಮುಂದಿನ ಹಾಳೆ ತೆಗೆಯುವಷ್ಟರಲ್ಲಿ ಬಾಯಿಗೆ ಬಂದ ಮಾತು. ಅಕ್ಕವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದಳು. ಅಲ್ಲಿಯವರೆಗೆ ಬಾಯಿ ಬಿಡದೆ ನಿಂತಿದ್ದ ದುಂಡೇಶ ಹೇಳಿದ, "ನನ್ನ ತಂಗಿ ಹೆಸರ್ರಿ ಸರ್. ಸಾಲ್ಯಾಗ ಆರನೇ ಇಯತ್ತೆದಾಗ ಇದ್ಲು. ಜ್ವರ ಬಂದು..."

"ಅದೆಲ್ಲಾ ಇಲ್ಲಿ ಯಾಕ ದುಂಡ್ಯಾ?" ಎಂದಳು ಅಕ್ಕವ್ವ.

ಮರಿವಿಕ್ ಗಂಡನ ಮುಖ ನೋಡಿದಳು. ಮನೆಯಲ್ಲಿ ದೇವರ ಮಾಡದ ಪಕ್ಕದಲ್ಲಿ ಎರಡು ಜಡೆಯ ಹುಡುಗಿಯ ಫೋಟೋ ಇತ್ತು. ತಂಗಿ ಎಂದು ದುಂಡೇಶ ಹೇಳಿದ್ದ, ಹೆಸರು ಹೇಳಿರಲಿಲ್ಲ. ಆ ಫೋಟೋದ ಧೂಳನ್ನು ದಿನವೂ ಒರೆಸುತ್ತಿದ್ದವಳು ಅವಳೇ. ಒರೆಸುವಾಗ ಹಿಂದಿನಿಂದ ಅತ್ತೆ ಶೈಲಾ ಎಂದು ಕರೆದರೆ, ಬಂದೆ ಎಂದು ಓಗೊಡುತ್ತಿದ್ದವಳೂ ಅವಳೇ.

ಚನ್ನಕೇಶವ ಪೆನ್ನು ಎತ್ತಿಕೊಂಡರು. "ನೋಡಿ ಅಮ್ಮ, ಇನ್ನೊಂದ್ ಸಲ ವೆರಿಫಿಕೇಶನ್‌ಗೆ ಬರೀತೀನಿ. ಅವರು ಅಕ್ಕಪಕ್ಕದೋರನ್ನೂ ಕೇಳ್ತಾರೆ. ಈ ಸಲ ತಪ್ಪಾದ್ರೆ ನನ್ ಕೈಲಿ ಏನೂ ಇರಲ್ಲ. ಅಲ್ಲೀವರೆಗೂ ಕಾಗದದಲ್ಲಿರೋ ಹೆಸರಲ್ಲೇ ಕರೀರಿ. ಜೋರಾಗಿ ಕರೀರಿ, ಬೀದಿಯೋರ ಕಿವಿಗೂ ಬೀಳ್ಲಿ."

ಅಲ್ಲಿಂದ ದುಂಡೇಶ ನೇರ ಕೆಲಸಕ್ಕೆ ಹೋದ. ಅತ್ತೆ ಸೊಸೆ ಮೆಟ್ರೋ ಹತ್ತಿದರು. ಮೆಜೆಸ್ಟಿಕ್ ದಾಟಿ ರೈಲು ನೆಲದೊಳಗಿಂದ ಬೆಳಕಿಗೆ ಬಂತು.

"ಕಾರ್ಡ್ ಬಂದ್ರ ಹೋಗ್ತಿ?" ಎಂದು ಕೇಳಿದಳು ಅಕ್ಕವ್ವ, ಕಿಟಕಿಯ ಕಡೆ ನೋಡುತ್ತ.

"ಹೋಗಿ ಬರ್ತೀನ್ರಿ ಅತ್ತಿ. ನಮ್ಮವ್ವನ್ನ ನೋಡಬೇಕ್ರಿ."

"ಹೂಂ. ನೋಡಬೇಕು." ಸೊಸೆಯ ಕಡೆ ತಿರುಗಿ, "ನಿಮ್ಮವ್ವ ನಿನಗ ಏನಂತ ಕರೀತಾಳ?"

"ಮರಿವಿಕ್."

ಅಕ್ಕವ್ವ ತುಟಿಯೊಳಗೇ ಎರಡು ಸಲ ಅಂದುಕೊಂಡಳು. ಅತ್ತಿಗುಪ್ಪೆಯಲ್ಲಿ ಇಳಿದು ಮೆಟ್ಟಿಲು ಇಳಿಯುವಾಗ ಕೈಯಾಸರೆಗೆ ಕರೆಯಬೇಕಾಗಿ ಬಂದಾಗ ಮಾತ್ರ ಯಾವ ಹೆಸರೂ ಎತ್ತದೆ ಸೊಸೆಯ ರಟ್ಟೆ ಹಿಡಿದುಕೊಂಡಳು.

ಮರುದಿನದಿಂದ ಅಕ್ಕವ್ವ ಗೇಟಿಗೆ ಬಂದು ನಿಂತು ಕರೆಯುವುದನ್ನು ಬೀದಿ ಕೇಳಿತು. "ಮರಿವಿಕ್! ಏ ಮರಿವಿಕ್!" ಕಾಗದದ ಉದ್ದ ಹೆಸರನ್ನು ಪೊಲೀಸರಿಗೆಂದು ಬಾಯಿಪಾಠ ಮಾಡಿ, ಕೂಗಲು ಅವಳವ್ವ ಕರೆಯುವುದನ್ನೇ ಹಿಡಿದಿದ್ದಳು. ಕರೆಯಲು ಕೆಲಸವಿಲ್ಲದಿದ್ದರೂ ಕರೆಯುವಳು. ಸೊಪ್ಪಿನವನ ಮುಂದೆ, ಹಾಲಿನ ಬೂತಿನ ಮುಂದೆ, ತಾರಸಿಯ ಕಡೆ ಮುಖ ಮಾಡಿ. ಕಲ್ಯಾಣಮ್ಮ ನಗುತ್ತ, "ಏನ್ ಅಕ್ಕವ್ವಾರೇ, ಸೊಸೇನ ಚೇಂಜ್ ಮಾಡಿಬಿಟ್ರಾ?" ಎಂದು ಕೆಣಕಿದರು.

"ಹೆಸರಷ್ಟ ಬದಲಿ ಮಾಡೇವ್ರಿ. ನೀವೂ ಕಲೀರಿ. ಪೊಲೀಸ್ರು ಬಂದಾಗ ಮತ್ತ ಗ್ಯಾರಂಟಿ ಕೊಡಾಕ ಬರಬ್ಯಾಡ್ರಿ!"

ಮರಿವಿಕ್‌ಗೆ ಮೊದಮೊದಲು ಪ್ರತಿ ಕರೆಗೂ ಮೈ ಜುಮ್ಮೆನ್ನುತ್ತಿತ್ತು. ಬಟ್ಟೆ ಒಣಹಾಕುತ್ತ ಕೇಳಿದರೆ ಕ್ಷಣಕಾಲ ತವರಿನ ಕಡಲ ಉಪ್ಪುಗಾಳಿ ಬಂದಂತಾಗುತ್ತಿತ್ತು. ಆದರೆ ಆ ಕೂಗು ಗೇಟಿನಲ್ಲಿ ಮಾತ್ರ. ಮನೆಯೊಳಗೆ ಅಕ್ಕವ್ವ ಅವಳನ್ನು ಯಾವ ಹೆಸರಿನಿಂದಲೂ ಕರೆಯದಾದಳು. ಬೇಕಾದದ್ದನ್ನು ತಾನೇ ಎದ್ದು ತೆಗೆದುಕೊಳ್ಳುವಳು, ಮಂಡಿ ಹಿಡಿದುಕೊಂಡೇ.

ಕೆಂಚಪ್ಪ ಮತ್ತೆ ಬಂದರು. ಅಕ್ಕವ್ವ ಗೇಟು ತೆರೆಯುವ ಮೊದಲೇ ಹೇಳಿದಳು. "ಮರಿಯಾ ವಿಕ್ಟೋರಿಯಾ ತುಪಾಸ್. ನನ್ನ ಸೊಸಿ. ಇದ ಮನ್ಯಾಗ ಅದಾಳ." ಒಂದಕ್ಷರ ತೊದಲಲಿಲ್ಲ. ಕಲ್ಯಾಣಮ್ಮನೂ ಕಾಂಪೌಂಡಿನಿಂದ ಅದನ್ನೇ ಹೇಳಿದರು. ಕೆಂಚಪ್ಪ ಮರಿವಿಕ್‌ಳ ಮುಖ ನೋಡಿ, ಕಾಗದದಲ್ಲಿನ ಫೋಟೋ ನೋಡಿ, "ಇದನ್ನ ಅವತ್ತೇ ಹೇಳಿದ್ರೆ ನನಗೂ ಬೈಗುಳ ತಪ್ತಿತ್ತಲ್ಲಮ್ಮ," ಎಂದು ಸಹಿ ಹಾಕಿಸಿಕೊಂಡು ಹೋದರು. ಕಾರ್ಡಿಗೆ ಇನ್ನು ತೊಂದರೆಯಿಲ್ಲ ಎಂದು ಮಧ್ಯಾಹ್ನ ದುಂಡೇಶ ಕಚೇರಿಯಲ್ಲಿ ವಿಚಾರಿಸಿ ಫೋನು ಮಾಡಿ ಹೇಳಿದ. ಮರಿವಿಕ್ ಇಲೊಯ್ಲೊಗೆ ಫೋನು ಮಾಡಿದಳು. ಅಮ್ಮ ಈ ಸಲ ಮಾವಿನ ಮರ ತೋರಿಸಲಿಲ್ಲ. ಯಾವ ತಿಂಗಳು ಎಂದು ಕೇಳಿದಳು.

ಸಂಜೆ ಮರಿವಿಕ್ ಹೊರಗಿನ ಕೋಣೆಯಲ್ಲಿ ಒಣಗಿದ ರೊಟ್ಟಿಗಳನ್ನು ಕವರಿಗೆ ತುಂಬುತ್ತಿದ್ದಳು. ಒಳಗೆ ಅಕ್ಕವ್ವ ರೊಟ್ಟಿ ಬಡಿಯುವ ಸದ್ದು ಒಂದೇ ಲಯದಲ್ಲಿ ಬರುತ್ತಿತ್ತು.

"ಶೈ..." ಎಂದಿತು ಅಡುಗೆಮನೆಯ ದನಿ. ಅಲ್ಲಿಗೇ ತಡೆಯಿತು. ಬಡಿತವೂ ನಿಂತಿತು.

ಮರಿವಿಕ್ ಕೈಯಲ್ಲಿದ್ದ ಕವರನ್ನು ಹಾಗೇ ಹಿಡಿದು ಕಾದಳು. ಮುಂದಿನ ಅಕ್ಷರ ಬರಲಿಲ್ಲ. ಇನ್ನೊಂದು ಹೆಸರೂ ಬರಲಿಲ್ಲ.

"ಬಂದ್ನ್ರಿ ಅತ್ತಿ," ಎಂದು ಎದ್ದು ಒಳಗೆ ಹೋದಳು.

ಅಕ್ಕವ್ವ ಬಾಗಿಲಿಗೆ ಬೆನ್ನು ಮಾಡಿ, ಎರಡೂ ಅಂಗೈಗಳನ್ನು ಹಿಟ್ಟಿನ ಮೇಲೂರಿ ಕೂತಿದ್ದಳು. ಹಂಚಿನ ಮೇಲಿನ ರೊಟ್ಟಿಯ ಒಂದು ಅಂಚು ಕಪ್ಪಾಗುತ್ತಿತ್ತು. ಮರಿವಿಕ್ ಅವಳ ಪಕ್ಕದಲ್ಲಿ ಕೂತು, ಬೆರಳ ತುದಿಯಿಂದ ಅದನ್ನು ಮಗುಚಿ ಹಾಕಿದಳು.