ಅಳಿಸದೆ ಉಳಿದ ದರ

ಉಪೇಂದ್ರ ಪ್ರಭುಗಳು ಆಸ್ಪತ್ರೆಯಲ್ಲಿ ತೀರಿಕೊಂಡರೆಂಬ ಸುದ್ದಿಯನ್ನು ನಾನು ಪೊಲೀಸ್ ಠಾಣೆಯ ನೆಲದ ಮೇಲೆ ಬಿದ್ದುಕೊಂಡು ಕೇಳಿದೆ. ಅವರ ರಕ್ತ ನನ್ನ ಅಂಚಿನಲ್ಲಿ ಇನ್ನೂ ಒಣಗಿರಲಿಲ್ಲ.

ನಾನು ಒಂದು ದರದ ಹಲಗೆ. ಮಂಗಳೂರಿನ ಬಡಗಿಯೊಬ್ಬ ಮಾವಿನ ಮರದಿಂದ ನನ್ನನ್ನು ಕೊಯ್ದು, ಕಬ್ಬಿಣದ ಚೌಕಟ್ಟು ಹಾಕಿ, ಕಪ್ಪು ಬಣ್ಣ ಬಳಿದ. ಪ್ರಭುಗಳು ವಿದೇಶಿ ಹಣ ಬದಲಿಸುವ ತಮ್ಮ ಅಂಗಡಿಯಲ್ಲಿ ನನ್ನನ್ನು ತೂಗುಹಾಕಿದರು. ಬೆಳಿಗ್ಗೆ ದೇವರಿಗೆ ಕೈಮುಗಿದು ಪ್ರತಿ ದೇಶದ ಹೆಸರಿನ ಮುಂದೆ ಎರಡು ದರ ಬರೆಯುತ್ತಿದ್ದರು. ಒಂದು ಅವರು ಕೊಳ್ಳುವ ದರ; ಇನ್ನೊಂದು, ಅದಕ್ಕಿಂತ ತುಸು ಹೆಚ್ಚಾದ ಮಾರುವ ದರ. ಆ ಅಂತರದಲ್ಲೇ ಅಂಗಡಿಯ ಬಾಡಿಗೆ, ಮನೆಯ ಅನ್ನ. ದರ ಅವರ ಇಚ್ಛೆಯದಲ್ಲ. ಒಂದು ದೇಶದ ಹಣ ಬೇಕೆನ್ನುವವರು ಹೆಚ್ಚಿದರೆ ಏರುತ್ತಿತ್ತು, ಬೇಡವೆನ್ನುವವರು ಹೆಚ್ಚಿದರೆ ಇಳಿಯುತ್ತಿತ್ತು.

ಸಾವಿರದ ಒಂಬೈನೂರ ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಅಲ್ಲಿಯ ದಿನಾರನ್ನು ಕೊಳ್ಳುವವರೇ ಇಲ್ಲವಾದರು. ಪ್ರಭುಗಳು ಆ ಸಾಲನ್ನು ಒರೆಸಬೇಕಿತ್ತು. ಆದರೆ ಅವರ ಅಳಿಯ ಅಲ್ಲಿದ್ದ, ಏನೂ ಸುದ್ದಿಯಿರಲಿಲ್ಲ. ಮಧ್ಯಾಹ್ನ ಬುತ್ತಿ ತರುವ ಮಗಳು ವಾರಿಜಾ ಮೊದಲು ನೋಡುತ್ತಿದ್ದುದು ಆ ಸಾಲನ್ನೇ, ಅದು ಇರುವವರೆಗೆ ಗಂಡನೂ ಇದ್ದಾನೆಂಬಂತೆ. ಒದ್ದೆ ಬಟ್ಟೆ ಹಿಡಿದ ಪ್ರಭುಗಳ ಕೈ ಅಲ್ಲಿಗೆ ಬಂದು ನಿಂತುಬಿಡುತ್ತಿತ್ತು.

ಒಂದು ದಿನ ಲೋಕಯ್ಯ ಬಂದ. ಕುವೈತಿನಲ್ಲಿ ಹನ್ನೆರಡು ವರ್ಷ ಬೆಸುಗೆ ಕೆಲಸ ಮಾಡಿ, ಮರಳುಗಾಡು ದಾಟಿ ತಪ್ಪಿಸಿಕೊಂಡು ಬಂದವನು. ಸಂಜೆಯೊಳಗೆ ಹಣ ಕಟ್ಟದಿದ್ದರೆ ಅವನು ಗೊತ್ತುಮಾಡಿದ್ದ ಮೀನುಗಾರಿಕೆಯ ದೋಣಿ ಬೇರೆಯವರ ಪಾಲಾಗುತ್ತಿತ್ತು. ಸೊಂಟದಿಂದ ದಿನಾರು ಬಿಚ್ಚಿ ಮೇಜಿನ ಮೇಲಿಟ್ಟ. ಪ್ರಭುಗಳು ಮೆಲ್ಲನೆ ಹಿಂದಕ್ಕೆ ಸರಿಸಿದರು.

"ದರ ಬರ್ದಿದ್ದೀರಲ್ಲ ಮಾರಾಯ್ರೆ. ನನ್ನ ದುಡ್ಡಿಗೆ ಮಾತ್ರ ಬೆಲೆ ಇಲ್ವಾ?"

"ಅದು ಒರ್ಸದೆ ಬಿಟ್ಟದ್ದು ಲೋಕಯ್ಯ. ತಪ್ಪು ನಂದೇ. ಇದನ್ನು ತಗೊಂಡು ನಾನು ಯಾರಿಗೆ ಕೊಡ್ಲಿ? ನಾಳೆ ಒಬ್ಬ ತಗೊಳ್ತಾನೆ ಅಂತ ಆದ್ರೆ ಮಾತ್ರ ನೋಟು. ಇಲ್ಲದಿದ್ರೆ ಕಾಗದ."

"ಹನ್ನೆರಡು ವರ್ಷ ಮೈ ಸುಟ್ಕೊಂಡದ್ದು ಕಾಗದಕ್ಕಾ?"

ಲೋಕಯ್ಯ ಅವರ ಬಾಯಿಗೆ ಗುದ್ದಿದ. ಕೊರಳಪಟ್ಟಿ ಹಿಡಿದು ಮೇಜಿನ ಮೇಲೆ ಎಳೆದ. ನನ್ನನ್ನು ಗೋಡೆಯಿಂದ ಕಿತ್ತು ತಲೆಯ ಮೇಲೆ ಬಡಿದ, ಮತ್ತೆ ಬಡಿದ. ನನ್ನ ಕಬ್ಬಿಣದ ಮೂಲೆ ಎಲುಬನ್ನು ಮುರಿದದ್ದು ನನಗೆ ತಿಳಿಯಿತು. ಬಾಗಿಲಲ್ಲಿ ವಾರಿಜಾಳ ಕೈಯಿಂದ ಬುತ್ತಿ ಬಿತ್ತು.

ಮರುವಾರ ಅಳಿಯ ಜೀವಂತವಾಗಿ ಬಂದನಂತೆ. ಯುದ್ಧ ಮುಗಿದ ಮೇಲೆ ಕುವೈತಿನ ಸರ್ಕಾರ ಮರಳಿ, ಜನರ ಕೈಯ ಹಳೆಯ ನೋಟುಗಳನ್ನು ಬದಲಿಸಿಕೊಟ್ಟಿತಂತೆ. ಆಗ ಲೋಕಯ್ಯ ಸೆರೆಮನೆಯಲ್ಲಿದ್ದ. ನಾನು ನ್ಯಾಯಾಲಯದ ಉಗ್ರಾಣದ ಮೂಲೆಯಲ್ಲಿ, ಕೊಲೆಯ ಸಾಕ್ಷಿಯಾಗಿ, ಗೆದ್ದಲಿಗೆ ಆಹಾರವಾಗುತ್ತಿದ್ದೇನೆ. ನಂಬಿಕೆಯೊಂದು ಒಡೆದರೆ ಹಣವಷ್ಟೇ ಸಾಯುವುದಿಲ್ಲ ಎಂದು ಕಂಡೆ.

ದೇವರೇ, ಮಗಳ ಕಣ್ಣೀರಿಗೆ ಅಂಜಿ ಒಂದು ಸಾಲು ಒರೆಸಲಾರದೆ ಹೋದ ಆ ಹಿರಿಯರ ತಲೆಯ ನೋವು ನಿನ್ನ ಪಾದದಲ್ಲಿ ಇಳಿಯಲಿ. ಅವರು ನೆಮ್ಮದಿಯಾಗಿ ಮಲಗಲಿ.