ತಾಯಿಯ ಮೇಲಿನ ಜಾಗ

ಭಾನುವಾರ ಬೆಳಿಗ್ಗೆ ಏಳು ಇಪ್ಪತ್ತಕ್ಕೆ ತೆಬೆತ್ ನಿಲ್ದಾಣದಲ್ಲಿ ರೊಗಾಯಾ ಲೋಕಲ್ ರೈಲಿನಿಂದ ಇಳಿದಳು. ತಾಯಿಯ ಗೋರಿಯಲ್ಲಿ ಹದಿನಾರು ತಿಂಗಳಿಂದ ಇನ್ನೊಬ್ಬ ಹೆಂಗಸು ಮಲಗಿದ್ದಾಳೆ ಎಂಬುದು ಆಕೆಗೆ ಗೊತ್ತಿರಲಿಲ್ಲ. ಪ್ಲಾಟ್‌ಫಾರಂನಲ್ಲಿ ಕಾದು ನಿಂತಿದ್ದ ತಮ್ಮ ಸನೂಸಿಗೆ ಗೊತ್ತಿತ್ತು. ಸಹಿ ಹಾಕಿದವನು ಅವನೇ.

ಅವತ್ತು ೨೦೨೩ರ ಮಾರ್ಚ್ ಹತ್ತೊಂಬತ್ತು. ಉಪವಾಸದ ತಿಂಗಳಿಗೆ ನಾಲ್ಕು ದಿನ ಉಳಿದಿತ್ತು. ಜಕಾರ್ತಾದ ಅರ್ಧ ಊರು ಹೂವಿನ ಪೊಟ್ಟಣ ಹಿಡಿದು ತಮ್ಮ ಸತ್ತವರನ್ನು ಕಾಣಲು ಹೊರಟಿತ್ತು.

"ಏನೋ, ಕೈ ಇಷ್ಟು ತಣ್ಣಗಿದೆ?" ಎಂದಳು ರೊಗಾಯಾ, ಅವನ ಮುಂಗೈ ಹಿಡಿದು. ಎರಡೂ ಕಣ್ಣಿಗೆ ಪೊರೆ ಬಂದು ಆಕೆಗೆ ಮನುಷ್ಯರು ಮಂಜಿನಲ್ಲಿ ನಿಂತ ಕಂಬಗಳಂತೆ ಕಾಣುತ್ತಿದ್ದರು.

"ಏನಿಲ್ಲ ಪೋಕ್, ತಿಂಡಿ ಆಗಿಲ್ಲ." ಅಕ್ಕನನ್ನು ಅವನು ಹುಟ್ಟಿದಾಗಿನಿಂದ ಕರೆದದ್ದು ಹಾಗೆಯೇ.

"ಅರವತ್ತನಾಲ್ಕಾಯ್ತು, ಇನ್ನೂ ಹೆಂಡ್ತಿ ಏಳಲಿ ಅಂತ ಕಾಯ್ತೀಯ. ತಗೋ." ಚೀಲದಿಂದ ಬಾಳೆಎಲೆಯ ಪೊಟ್ಟಣ ಹೊರಬಂತು. ತೆಂಗಿನಹಾಲಲ್ಲಿ ಬೇಯಿಸಿದ ಅನ್ನ, ಇನ್ನೂ ಬೆಚ್ಚಗಿತ್ತು. ಅವಳು ನಾಲ್ಕು ಗಂಟೆಗೇ ಎದ್ದಿರಬೇಕು. ಸನೂಸಿ ನಿಂತಲ್ಲೇ ಎರಡು ತುತ್ತು ತಿಂದ. ಉಳಿದದ್ದನ್ನು ಮಡಚಿ ಕೈಯಲ್ಲೇ ಹಿಡಿದ.

ಅವರ ಮನೆತನ ಸೆನಾಯನ್‌ನದು. ೧೯೫೯ರಲ್ಲಿ ದೊಡ್ಡ ಕ್ರೀಡಾಂಗಣಕ್ಕೆಂದು ಆ ಊರನ್ನೇ ಎಬ್ಬಿಸಿದಾಗ ರೊಗಾಯಾಳಿಗೆ ಏಳು ವರ್ಷ, ಸನೂಸಿ ತಾಯಿಯ ಸೊಂಟದ ಜೋಳಿಗೆಯಲ್ಲಿ ಮೂರು ತಿಂಗಳ ಕೂಸು. ಸರ್ಕಾರ ತೆಬೆತ್‌ನಲ್ಲಿ ಜಾಗ ಕೊಟ್ಟಿತು. ೧೯೮೭ರಲ್ಲಿ ರಸ್ತೆ ಅಗಲ ಮಾಡುವಾಗ ಆ ಮನೆಯ ಅರ್ಧವೂ ಹೋಯಿತು. ಉಳಿದ ಎರಡು ಕೋಣೆ ತಮ್ಮನಿಗಿರಲಿ ಎಂದು ರೊಗಾಯಾ ಗಂಡ ಮಕ್ಕಳನ್ನು ಕಟ್ಟಿಕೊಂಡು ಬೊಜೊಂಗ್‌ಗೆಡೆಗೆ ಹೋದಳು. ರೈಲಿನಲ್ಲಿ ಒಂದು ಗಂಟೆಯ ದಾರಿ. ಯಾರೂ ಹೋಗು ಎನ್ನಲಿಲ್ಲ. ಇರು ಎಂದೂ ಯಾರೂ ಅನ್ನಲಿಲ್ಲ.

ತಾಯಿ ಸಾನೀ ೨೦೦೯ರಲ್ಲಿ ತೀರಿಕೊಂಡಳು. "ಇನ್ನು ಇಲ್ಲಿಂದ ನನ್ನನ್ನ ಯಾರೂ ಎಬ್ಬಿಸಲ್ಲ" ಎಂದು ಖಬರಸ್ತಾನವನ್ನು ಮೊದಲೇ ತೋರಿಸಿಟ್ಟಿದ್ದಳು. ಆಮೇಲೆ ಅಲ್ಲಿ ಹೊಸ ಗುಂಡಿಗೆ ಜಾಗ ಮುಗಿಯಿತು. ಈಗ ಊರ ನಡುವೆ ಮಣ್ಣಾಗಬೇಕಾದರೆ ಒಂದೇ ದಾರಿ: ಮನೆಯವರ ಹಳೆಯ ಗೋರಿಯನ್ನೇ ಅಗೆದು, ಕೆಳಗಿನ ಎಲುಬನ್ನು ಕೆಳಗೇ ಬಿಟ್ಟು, ಮೇಲೆ ಮಲಗಿಸುವುದು. ಒಬ್ಬರನ್ನು ಇಟ್ಟ ಮೇಲೆ ಮೂರು ವರ್ಷ ಅದನ್ನು ಮತ್ತೆ ತೆರೆಯುವಂತಿಲ್ಲ.

ರೊಗಾಯಾ ಪ್ರತಿ ವರ್ಷ ಹೇಳುತ್ತಿದ್ದ ಮಾತು ಒಂದೇ. "ಬದುಕಿದ್ದಾಗ ಊರಾಚೆ ಇದ್ದೆ. ಸತ್ತಾಗ ನ್ಯಾಕ್ ಮೇಲೆ ಹಾಕು. ಅಷ್ಟೇ ಕೇಳೋದು." ನ್ಯಾಕ್ ಎಂದರೆ ಆ ಮನೆಯಲ್ಲಿ ಅಮ್ಮ.

ಸನೂಸಿ ಮೂವತ್ತೊಂದು ವರ್ಷ ವಾರ್ಡ್ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ವಾರಸುದಾರರಲ್ಲಿ ಒಬ್ಬರ ಸಹಿ ಕಮ್ಮಿಯಿದ್ದರೂ ಅರ್ಜಿ ವಾಪಸ್ ಕಳಿಸುತ್ತಿದ್ದ. "ದೂರ ಇದಾರೆ ಸಾರ್" ಎಂದವರಿಗೆ "ದೂರ ಇದ್ರೆ ವಾರಸುದಾರರಲ್ವಾ?" ಎನ್ನುತ್ತಿದ್ದ.

೨೦೨೧ರ ನವೆಂಬರ್ ಒಂಬತ್ತರ ಬೆಳಿಗ್ಗೆ ಆರೂವರೆಗೆ ಬೀಗರು ಹಾಜಿ ಸರ್ಬೀನಿ ಬಾಗಿಲಲ್ಲಿ ನಿಂತಿದ್ದರು. ಸನೂಸಿಯ ಮಗಳು ಅವರ ಮನೆ ಸೇರಿ ಎಂಟು ತಿಂಗಳಾಗಿತ್ತು.

"ಅಮ್ಮ ಹೋದ್ರು ಬೀಗರೇ. ಮಧ್ಯಾಹ್ನದ ನಮಾಜಿನೊಳಗೆ ಮಣ್ಣಾಗಬೇಕು. ನಮ್ಮದು ಅಂತ ಇಲ್ಲಿ ಒಂದು ಗೋರಿ ಇಲ್ಲ. ನಿಮ್ಮ ತಾಯಿಯವರದ್ದು ಹನ್ನೆರಡು ವರ್ಷದ್ದು ಅಂತ ನಿಮ್ಮ ಮಗಳು ಹೇಳಿದ್ಳು."

"ನನ್ನ ಅಕ್ಕ..."

"ಅವರನ್ನ ಕೇಳಿ, ಕೇಳಿ. ನಾನೇನು ಬೇಡ ಅಂದ್ನಾ?" ಎಂದರು ಸರ್ಬೀನಿ. ಆದರೆ ಕುರ್ಚಿಯಲ್ಲಿ ಕೂರಲಿಲ್ಲ. ಗಡಿಯಾರ ನೋಡುತ್ತ ನಿಂತರು.

ಸನೂಸಿ ಫೋನು ಕೈಗೆ ತೆಗೆದುಕೊಂಡ. ಅಕ್ಕನ ಸಂಖ್ಯೆ ತೆಗೆದ. ಒತ್ತಲಿಲ್ಲ. ಖಬರಸ್ತಾನದ ಕಚೇರಿಯಲ್ಲಿ 'ಇತರ ವಾರಸುದಾರರು' ಎಂಬ ಕಡೆ ಒಂದು ಗೆರೆ ಎಳೆದ, ಯಾರೂ ಇಲ್ಲ ಎಂದು. ಅಂಥ ಸಾವಿರ ಗೆರೆಗಳನ್ನು ಅವನೇ ತಿರಸ್ಕರಿಸಿದ್ದ. ಕಲ್ಲಿನ ಮೇಲೆ ಇಬ್ಬರ ಹೆಸರೂ ಇರಲಿ ಎಂದು ಮಾತ್ರ ಕೇಳಿಕೊಂಡ. "ಅದಕ್ಕೇನಂತೆ" ಎಂದರು ಬೀಗರು. ಕಲ್ಲು ಬಂದಾಗ ಒಂದೇ ಹೆಸರಿತ್ತು, ಬೀಗರ ತಾಯಿಯದು: ಹಾಜಾ ಕುರೈಸಿನ್.

ಆಮೇಲಿನ ಮೊದಲ ವರ್ಷ ರೊಗಾಯಾ ಮಂಡಿನೋವೆಂದು ಬರಲಿಲ್ಲ. ಸನೂಸಿ ಒಬ್ಬನೇ ಹೋಗಿಬಂದು, ಎಲ್ಲ ಚೆನ್ನಾಗಿದೆ ಎಂದು ಫೋನಿನಲ್ಲಿ ಹೇಳಿದ. ಈ ವರ್ಷ ಅವಳು ಬಂದೇ ಬಿಟ್ಟಿದ್ದಳು. ಕಣ್ಣು ಕಾಣದು, ಓದಲಾರಳು, ಇದೊಂದು ಸಲ ದಾಟೀತು ಎಂದು ಅವನು ಲೆಕ್ಕ ಹಾಕಿದ್ದ. ಹಾಕಿದ್ದಕ್ಕೆ ಎರಡು ರಾತ್ರಿ ನಿದ್ದೆ ಬಂದಿರಲಿಲ್ಲ.

ಖಬರಸ್ತಾನದ ಗೇಟಿನಲ್ಲಿ ಹೂವಿನವಳು ಅಡ್ಡ ಬಂದಳು. "ಅಜ್ಜೀ, ಗುಲಾಬಿ ತಗೊಳ್ಳಿ, ಈಗ ಕಿತ್ತಿದ್ದು."

"ಈಗ ಕಿತ್ತಿದ್ದಾ? ನಿನ್ನೆ ನಿನ್ನ ಅಜ್ಜಿ ಗೋರಿಯಿಂದ ಕಿತ್ತಿದ್ದಿರಬೇಕು. ಮೂಸಿದ್ರೆ ಗೊತ್ತಾಗುತ್ತೆ ನಂಗೆ."

"ಅಯ್ಯೋ, ಕಣ್ಣು ಹೋದ್ರೂ ಮೂಗು ಪೊಲೀಸಿಂದು ನಿಮ್ದು!" ಎಂದು ಹೂವಿನವಳು ನಕ್ಕು ಒಂದು ಹಿಡಿ ಹೆಚ್ಚೇ ಹಾಕಿದಳು.

ಒಳಗೆ ರೊಗಾಯಾಳಿಗೆ ದಾರಿ ತೋರಿಸಬೇಕಾಗಲಿಲ್ಲ. ಮೂರನೆಯ ದೇವಕಣಗಿಲೆ ಮರ ಮುಟ್ಟಿ, ಬಲಕ್ಕೆ ತಿರುಗಿ ಹನ್ನೊಂದು ಹೆಜ್ಜೆ ಎಣಿಸಿದಳು. ಕೂತಳು. ಹುಲ್ಲು ಸವರಿದಳು. ಕೈ ನಿಂತಿತು.

"ಸನೂಸಿ, ಹೂವಿದೆ ಕಣೋ ಇಲ್ಲಿ. ಒದ್ದೆ ಇನ್ನೂ. ಯಾರೋ ಬೆಳಿಗ್ಗೆ ಬಂದು ಹೋಗಿದಾರೆ."

ಬೀಗರ ಮನೆಯವರು ಅಷ್ಟು ಬೇಗ ಬಂದಾರೆಂದು ಅವನು ಎಣಿಸಿರಲಿಲ್ಲ.

"ಯಾರು ಅಂತೀಯಾ?" ಅವಳ ಮುಖ ಅರಳಿತು. "ಸೆನಾಯನ್‌ನವರೇ ಯಾರೋ! ಮಸೀದಿ ಹಿಂದಿನ ಮನೆಯ ಮೈಮೂನಾ ಇದಾಳಲ್ಲ, ಅವಳು ಬದುಕಿದಾಳೆ ಅಂತ ಕೇಳಿದ್ದೆ. ಇಲ್ಲಾ, ಪರಂಗಿ ತೋಟದವರ ಮಗ. ಅರವತ್ತು ವರ್ಷದ ಮೇಲೂ ನ್ಯಾಕ್‌ನ ನೆನಪಿಟ್ಟವರು ಇದಾರೆ ನೋಡು! ನಾವೇ ಮರೆತ್ವಿ, ಊರು ಮರೀಲಿಲ್ಲ."

ಹೌದು ಎಂದರೆ ಮುಗಿಯುತ್ತಿತ್ತು. ಸನೂಸಿ ಬಾಯಿ ತೆರೆದ. ಹೌದು ಎಂಬ ಮಾತು ಬರಲಿಲ್ಲ.

"ಸೆನಾಯನ್‌ನವರಲ್ಲ ಪೋಕ್. ನನ್ನ ಬೀಗರು. ಅವರ ತಾಯೀನ ಇಲ್ಲೇ ಇಟ್ಟಿದೀವಿ. ನ್ಯಾಕ್ ಮೇಲೆ. ನಾನೇ ಸಹಿ ಹಾಕ್ದೆ."

ಪಕ್ಕದ ಗೋರಿಯ ಬಳಿ ಯಾರೋ ಗಟ್ಟಿಯಾಗಿ ಪ್ರಾರ್ಥನೆ ಓದುತ್ತಿದ್ದರು. ಅದು ಮುಗಿದ ಮೇಲೆ ರೊಗಾಯಾ ಕೇಳಿದಳು.

"ಯಾವಾಗ?"

"ಹೋದ ವರ್ಷದ ಹಿಂದಿನ ನವೆಂಬರ್."

"ನಂಗೆ ಫೋನು ಯಾಕೆ ಮಾಡ್ಲಿಲ್ಲ?"

"ಬೇಡ ಅಂತೀಯ ಅಂತ."

"ಬೇಡ ಅಂತ್ಲೇ ಅಂತಿದ್ದೆ." ಅವಳು ಕೈಯನ್ನು ಹುಲ್ಲಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು. "ಕಲ್ಲಲ್ಲಿ ನ್ಯಾಕ್ ಹೆಸರಿದೆಯಾ?"

"ಇಲ್ಲ."

ಈ ಮಾತಿಗೆ ಅವಳು ಮುಖ ತಿರುಗಿಸಿದಳು. "ಮತ್ತೆ ತೆಗೆಯೋಕೆ ಇನ್ನೆಷ್ಟು ದಿನ?"

"ಒಂದು ವರ್ಷ ಎಂಟು ತಿಂಗಳು."

"ಸರಿ. ಅಲ್ಲೀತನಕ ನಾನು ಸಾಯೋ ಹಾಗಿಲ್ಲ ಅನ್ನು. ಇನ್ನೂ ಏನೇನಕ್ಕೆ ನಿನ್ನ ಕಚೇರಿ ಅಪ್ಪಣೆ ಬೇಕು ನಂಗೆ?"

ನಗುವಂಥ ಮಾತು. ಇಬ್ಬರೂ ನಗಲಿಲ್ಲ. ಅವಳು ಬಾಟಲಿಯ ನೀರನ್ನು ತಲೆಕಡೆಯಿಂದ ಕಾಲಕಡೆಗೆ ಸುರಿದಳು. ಹೂವನ್ನು ಎಲ್ಲ ಕಡೆಯೂ ಚೆಲ್ಲಿದಳು. ವಾಪಸ್ ಬರುವಾಗ ಅವನ ಕೈ ಹಿಡಿಯಲಿಲ್ಲ. ಗೇಟಿನಿಂದ ನಿಲ್ದಾಣದವರೆಗೆ ಹೂವಿನವಳ ಮಗಳ ಹೆಗಲು ಹಿಡಿದು ನಡೆದಳು. ಸನೂಸಿ ಅರ್ಧ ತಿಂದ ಅನ್ನದ ಪೊಟ್ಟಣ ಹಿಡಿದು ಹತ್ತು ಹೆಜ್ಜೆ ಹಿಂದೆ ಬಂದ.

ಮರುದಿನ ಅವನು ಖಬರಸ್ತಾನದ ಕಚೇರಿಗೆ ಹೋಗಿ ಆ ಗೆರೆ ಹೊಡೆದುಹಾಕಿಸಿ ಅಕ್ಕನ ಹೆಸರು ಬರೆಸಿದ. ಸುಳ್ಳು ಬರೆದದ್ದು ತಾನೇ ಎಂದು ಬರೆದುಕೊಟ್ಟ. ಬೀಗರು ಮೂರು ತಿಂಗಳು ಮಾತು ಬಿಟ್ಟರು. ಜೂನ್‌ನಲ್ಲಿ ಹೊಸ ಕಲ್ಲು ಬಂತು. ಮೇಲೆ ಸಾನೀ, ಕೆಳಗೆ ಕುರೈಸಿನ್.

ರೊಗಾಯಾ ೨೦೨೪ರ ಸೆಪ್ಟೆಂಬರ್ ಐದರಂದು ಬೊಜೊಂಗ್‌ಗೆಡೆಯ ಮನೆಯಲ್ಲಿ ತೀರಿಕೊಂಡಳು. ತಾಯಿಯ ಗೋರಿ ಮತ್ತೆ ತೆರೆಯಲು ಮೂರು ವರ್ಷ ತುಂಬಬೇಕಿತ್ತು, ಅದಕ್ಕೆ ಅರವತ್ತೈದು ದಿನ ಬಾಕಿಯಿತ್ತು. ಅವಳನ್ನು ಅಲ್ಲಿಯದೇ ಖಬರಸ್ತಾನದಲ್ಲಿ, ರೈಲುಹಳಿಯ ಪಕ್ಕ, ಮಣ್ಣು ಮಾಡಿದರು.