ಒಡತಿ ಬಾಗಿದ ದಿನ

ಅವಳು ಕಟ್ಟುಹಲ್ಲು ಮಾಡುವ ಕಾರ್ಯಾಗಾರದ ಮೇಲ್ವಿಚಾರಕಿ, ಅವನು ಶಾಲೆಯ ಡ್ರಾಯಿಂಗ್ ಮೇಷ್ಟ್ರು. ಮದುವೆಯಾಗಿ ಏಳು ವರ್ಷ. ಭಾನುವಾರ ಮಧ್ಯಾಹ್ನ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡರೆ ಅವಳು ಒಡತಿ. ಅವನು ಕಣ್ಣಿಗೆ ಕಾಡಿಗೆ ತೀಡಿ, ಅವಳ ಹಳೆಯ ನೀಲಿ ಲಂಗ ತೊಟ್ಟು, ಹೆಂಗಸಾಗಿ ಅವಳೆದುರು ಮಂಡಿಯೂರುತ್ತಿದ್ದ. ಅವಳು ಹತ್ತಿಯ ಹಗ್ಗದಿಂದ ಅವನ ಕೈ ಕಟ್ಟುತ್ತಿದ್ದಳು. ಇಬ್ಬರೂ ಒಪ್ಪಿ ಆಡುತ್ತಿದ್ದ ಆಟ. ಅವನಿಗಂತೂ ವಾರದಲ್ಲಿ ನೆಮ್ಮದಿಯಾಗಿ ಉಸಿರಾಡುವ ಹೊತ್ತೆಂದರೆ ಅದೊಂದೇ.

ಅವಳ ತಾಯಿ ಆಸ್ಪತ್ರೆ ಸೇರಿದಾಗ ಅಣ್ಣಂದಿರಿಬ್ಬರೂ ಕೈಚೆಲ್ಲಿದರು. ಉಸಿರಿನ ಯಂತ್ರ ನಿಲ್ಲಿಸಲು ಸಹಿ ಹಾಕಿದವಳು ಅವಳೇ. ಅದಾದ ಮೂರನೆಯ ಭಾನುವಾರ ಅವಳು ಹಗ್ಗವನ್ನು ಅವನ ಕೈಗಿಟ್ಟು ನೆಲದ ಮೇಲೆ ಕೂತಳು.

"ಇವತ್ತು ನೀನು ಕಟ್ಟು. ಏನು ಮಾಡ್ಬೇಕೋ ನೀನೇ ಹೇಳು. ಇನ್ನೊಂದು ತೀರ್ಮಾನ ನನ್ನ ಕೈಲಾಗಲ್ಲ."

ಅವನು ಅವಳ ಕೈಗೆ ಹಗ್ಗ ಸುತ್ತಿದ. ಮೊದಲ ಗಂಟೇ ಜಾರಿತು.

"ನೀನೇ ಬಗ್ಗಿದ್ರೆ ನಾನೆಲ್ಲಿ ನಿಲ್ಲಲಿ? ಕಟ್ಟೋಕೆ ಹೋದ್ರೆ ನಾನು ಮತ್ತೆ ಗಂಡಸಾಗ್ತೀನಿ. ಆ ಗಂಡಸನ್ನ ಬಾಗಿಲಾಚೆ ಬಿಟ್ಟು ಬಂದಿರೋಳು ನಾನು."

"ಏಳು ವರ್ಷದಿಂದ ಕಟ್ತಿದೀನಲ್ಲ, ನಾನೇನು ಗಂಡಸಾದ್ನಾ?"

ಅವನು ಹಗ್ಗವನ್ನು ಅವಳ ಮಡಿಲಲ್ಲಿಟ್ಟ. ಅವಳು ಹಗ್ಗ ಸುತ್ತಿಟ್ಟು ಟೀ ಮಾಡಲು ಎದ್ದುಹೋದಳು. ಜಗಳವೇನೂ ಆಗಲಿಲ್ಲ. ಆದರೆ ಮುಂದೆ ಯಾವ ಭಾನುವಾರವೂ ಆ ಬಾಗಿಲು ಹಾಕಲಿಲ್ಲ. ನಾಲ್ಕು ತಿಂಗಳಿಗೆ ಅವಳು ಕಾರ್ಯಾಗಾರದ ಹತ್ತಿರವೇ ಬೇರೆ ಮನೆ ಹಿಡಿದಳು.

ಇಂಥ ಆಟದವರದೊಂದು ಗುಂಪಿತ್ತು. ಅದರಲ್ಲಿದ್ದ ಮುದುಕ ಟೈಲರ್ ಹತ್ತಿರ ಅವನು ಅತ್ತುಬಿಟ್ಟ.

"ಇಪ್ಪತ್ತು ವರ್ಷ ಕಟ್ಟಿಸ್ಕೊಂಡೆ, ಈಗ ಕಟ್ತೀನಿ," ಎಂದ ಟೈಲರ್. "ಗಂಡಸಾಗೂ ಇದ್ದೆ, ಹೆಂಗಸಾಗೂ ಇದ್ದೆ. ಬರೋ ತಿಂಗಳು ಏನೋ, ಯಾರಿಗ್ಗೊತ್ತು? ಇದೇನು ಗುರುತಿನ ಚೀಟಿನಾ, ಒಂದ್ಸಲ ಬರೆಸಿ ಸುಮ್ಮನಾಗೋಕೆ? ಲಂಗ ಹಾಕ್ಕೊಂಡೇ ಬಾ, ಕಲಿಸ್ತೀನಿ."

ಕಲಿತ. ಕಾಡಿಗೆ ಅಳಿಸಲಿಲ್ಲ, ಗಂಡಸು ಒಳಗೆ ಬರಲಿಲ್ಲ, ಗಂಟು ಮಾತ್ರ ನಿಂತಿತು.

ಮಾರನೆಯ ದಿನ ಊಟದ ಬಿಡುವಿನಲ್ಲಿ ಅವಳ ಕಾರ್ಯಾಗಾರಕ್ಕೆ ಓಡಿದ. ಅವಳು ಮೇಣದ ದವಡೆಯನ್ನು ತಿದ್ದುತ್ತಿದ್ದಳು.

"ಈಗ ನನಗೆ ಬರುತ್ತೆ. ಹೆಂಗಸಾಗಿದ್ದೇ ಕಟ್ತೀನಿ. ಬಾ."

ಅವಳು ನಗಲು ಹೋದಳು, ಕಣ್ಣು ತುಂಬಿತು.

"ಅವತ್ತು ಬೇಕಿತ್ತು ಕಣೇ. ಆ ಭಾರ ಒಬ್ಬಳೇ ಹೊತ್ತು ಇಳಿಸಿದ್ದಾಯ್ತು. ಈಗ ಬೇಡ."

ಆ ಕೋಣೆಯ ಬಾಗಿಲ ಹೊರಗೆ ಅವಳು ಅವನನ್ನು 'ಕಣೇ' ಎಂದದ್ದು ಅದೇ ಮೊದಲು. ಅವನು ಮಧ್ಯಾಹ್ನದ ತರಗತಿಗೆ ಹೊತ್ತಾಯಿತೆಂದು ಮೆಟ್ಟಿಲಿಳಿದು ಹೋದ.